ಸಮುದ್ರಯಾನಕ್ಕೆ ಹೊರಡುವ ಮುನ್ನ

ಕಲಬುರಗಿಗೆ ಕಡಲು ದೂರ. ರೈಲಿನಲ್ಲಿ ಹೊರಟರೆ ಮುಂಬಯಿ ಸುಮಾರು 570 ಕಿಲೋಮೀಟರು. ನಮ್ಮದೇ ರಾಜ್ಯದ ಮಂಗಳೂರು ಅದಕ್ಕಿಂತಲೂ ದೂರ. ಆದುದರಿಂದ ನಮ್ಮ ಕಡೆಯ ಮನೆಗಳಲ್ಲಿ ಪ್ರಯಾಣವೆಂದರೆ ಶ್ರೀಶೈಲ, ಕೂಡಲಸಂಗಮ, ಬಸವಕಲ್ಯಾಣ, ಉಳವಿ. ವಾಹನವೆಂದರೆ ಬಸ್ಸು, ರೈಲು, ಇಲ್ಲವೆ ಪಾದಯಾತ್ರೆ. ಹಡಗಿನ ಮಾತು ನಮ್ಮ ಊರಿನಲ್ಲಿ ಕೇಳಿಬರುತ್ತಿದ್ದುದು ಹೆಚ್ಚಾಗಿ ಖಾಜಾ ಬಂದೇ ನವಾಜರ ದರ್ಗಾದ ಸುತ್ತಲಿನ ರೋಜಾ ಬಡಾವಣೆಯಲ್ಲಿ. ಹಜ್ ಯಾತ್ರಿಕರು ಹಿಂದೆ ಮುಂಬಯಿಗೆ ಹೋಗಿ ಅಲ್ಲಿಂದ ಜೆಡ್ಡಾಕ್ಕೆ ಹಡಗಿನಲ್ಲಿ ಸಾಗುತ್ತಿದ್ದರು. ಆ ಕಡಲಮಾರ್ಗವೂ 1995ರಲ್ಲಿ ನಿಂತುಹೋಯಿತು.

ಈಗ ಕಾಲ ಬದಲಾಗಿದೆ. ಹಡಗು ಮತ್ತೆ ಬಂದಿದೆ. ಯಾತ್ರೆಗಾಗಿ ಅಲ್ಲ, ವಿಹಾರಕ್ಕಾಗಿ. ತಂದೆಗೆ ಅರವತ್ತು ತುಂಬಿದಾಗ, ತಂದೆತಾಯಿಯರ ವಿವಾಹಕ್ಕೆ ನಲವತ್ತು ವರ್ಷಗಳಾದಾಗ, ಬೆಂಗಳೂರಿನಲ್ಲಿಯೋ ಅಮೆರಿಕದಲ್ಲಿಯೋ ಉದ್ಯೋಗದಲ್ಲಿರುವ ಮಕ್ಕಳು ಪ್ರೀತಿಯಿಂದ ವಿಹಾರನೌಕೆಯ ಟಿಕೆಟನ್ನು ಕೊಡಿಸುತ್ತಿದ್ದಾರೆ. ಟಿಕೆಟ್ ಕೈಗೆ ಬಂದ ಮೇಲೆ ಹಿರಿಯರಲ್ಲಿ ಸಂತೋಷದೊಡನೆ ಅಂಜಿಕೆಯೂ ಹುಟ್ಟುತ್ತದೆ. ವಾಂತಿಯಾದೀತೇ? ಶುದ್ಧ ಶಾಕಾಹಾರ ಸಿಕ್ಕೀತೇ? ಎದೆನೋವು ಬಂದರೆ ಗತಿಯೇನು? ನಿತ್ಯದ ಪೂಜೆ ನಡೆದೀತೇ? ಈ ಪ್ರಶ್ನೆಗಳಾವುವೂ ಸಣ್ಣವಲ್ಲ. ಈ ತಿಂಗಳ ಅಂಕಣವನ್ನು ಇವುಗಳಿಗೇ ಮೀಸಲಿಟ್ಟಿದ್ದೇವೆ.

ಮೊದಲಿಗೆ ಒಂದು ಮಾತು. ಭೂಮಿಯ ಮೇಲಿನ ಪ್ರಯಾಣದಲ್ಲಿ ಮರೆತದ್ದನ್ನು ದಾರಿಯಲ್ಲಿ ಕೊಳ್ಳಬಹುದು, ತಪ್ಪಿದ ಬಸ್ಸಿನ ಬದಲು ಮುಂದಿನದನ್ನು ಹಿಡಿಯಬಹುದು, ಮೈಗೆ ಸರಿಯಿಲ್ಲದಿದ್ದರೆ ಮುಂದಿನ ಊರಿನಲ್ಲಿ ಇಳಿಯಬಹುದು. ಕಡಲಿನಲ್ಲಿ ಈ ಮೂರೂ ಸಾಧ್ಯವಿಲ್ಲ. ಆದುದರಿಂದ ಸಮುದ್ರಯಾನದ ಸುಖವೆಲ್ಲವೂ ದಡದ ಮೇಲೆ ಮಾಡಿಕೊಂಡ ಸಿದ್ಧತೆಯನ್ನು ಅವಲಂಬಿಸಿದೆ. ಮುಂದೆ ಹೇಳುವ ಎಲ್ಲ ಸೂಚನೆಗಳ ಸಾರ ಇಷ್ಟೇ.

ಯಾವ ಹಡಗು, ಯಾವ ಕಾಲ

ನಮ್ಮ ಭಾಗದವರಿಗೆ ಹತ್ತಿರದ ವಿಹಾರನೌಕೆ ಮುಂಬಯಿಯಿಂದ ಹೊರಡುವಂಥದು. ಕಾರ್ಡೀಲಿಯಾ ಸಂಸ್ಥೆಯ ‘ಎಂಪ್ರೆಸ್’ ಹಡಗು 2021ರ ಸೆಪ್ಟೆಂಬರಿನಿಂದ ಮುಂಬಯಿಯನ್ನು ನೆಲೆಯಾಗಿಸಿಕೊಂಡು ಗೋವಾ, ಕೊಚ್ಚಿ, ಲಕ್ಷದ್ವೀಪಗಳ ಕಡೆಗೆ ಸಂಚರಿಸತೊಡಗಿತು. ಮುಂಗಾರಿನಲ್ಲಿ ಅರಬ್ಬೀ ಸಮುದ್ರ ಉಗ್ರವಾಗುವುದರಿಂದ 2022ರ ಜೂನ್ ತಿಂಗಳಿನಲ್ಲಿ ಚೆನ್ನೈಯಿಂದಲೂ ಅದರ ಯಾನ ಆರಂಭವಾಯಿತು. 1990ರಲ್ಲಿ ಫ್ರಾನ್ಸ್ ದೇಶದಲ್ಲಿ ನಿರ್ಮಾಣಗೊಂಡ ಈ ಹಡಗು ಸುಮಾರು 211 ಮೀಟರ್ ಉದ್ದವಿದ್ದು, ಹನ್ನೊಂದು ಅಂತಸ್ತುಗಳನ್ನು ಹೊಂದಿದೆ. ಅಂದರೆ ಇದು ದೋಣಿಯಲ್ಲ, ತೇಲುವ ಒಂದು ಪುಟ್ಟ ಊರು. ಈ ಅಳತೆಯನ್ನು ಹೇಳಲು ಕಾರಣವಿದೆ: ಹಡಗು ದೊಡ್ಡದಾದಷ್ಟೂ ಅಲುಗಾಟ ಕಡಿಮೆ.

ಲಕ್ಷದ್ವೀಪ ಆಡಳಿತದ ಹಡಗುಗಳು ಕೊಚ್ಚಿಯಿಂದ ಹೊರಡುತ್ತವೆ. ಮಂಗಳೂರಿನ ಹಳೆಯ ಬಂದರಿಗೂ ಲಕ್ಷದ್ವೀಪಕ್ಕೂ ನಡುವೆ ನಿಂತುಹೋಗಿದ್ದ ಪ್ರಯಾಣಿಕರ ಹಡಗು 2024ರ ಮೇ ತಿಂಗಳಿನಲ್ಲಿ ಮತ್ತೊಮ್ಮೆ ಸಂಚರಿಸಿತು. ಆದರೆ ಇಂತಹ ಸೇವೆಗಳು ಋತುವನ್ನು ಅನುಸರಿಸಿ ನಡೆಯುತ್ತವೆ. ಹೊರಡುವ ತಿಂಗಳಿನಲ್ಲಿ ವಿಚಾರಿಸಿಯೇ ನಿಶ್ಚಯಿಸಬೇಕು. ಲಕ್ಷದ್ವೀಪವನ್ನು ಪ್ರವೇಶಿಸಲು ಹೊರಗಿನವರಿಗೆ ಅನುಮತಿಪತ್ರ ಅವಶ್ಯಕ. ಇದು 1967ರ ನಿಯಮಗಳಿಂದ ಬಂದುದು.

ಕಾಲದ ಆಯ್ಕೆ ಬಹಳ ಮುಖ್ಯ. ಪಶ್ಚಿಮ ಕರಾವಳಿಗೆ ನವೆಂಬರಿನಿಂದ ಫೆಬ್ರವರಿಯವರೆಗಿನ ಅವಧಿ ಉತ್ತಮ. ಕಡಲು ಶಾಂತ, ಬಿಸಿಲೂ ಹಿತ. ಮಳೆಗಾಲಕ್ಕೆ ಮುಂಚಿನ ಮೇ ತಿಂಗಳೂ, ಮಳೆಗಾಲದ ನಂತರದ ಕೆಲವು ವಾರಗಳೂ ಚಂಡಮಾರುತದ ಕಾಲ. 2021ರ ಮೇ 17ರಂದು ತೌಕ್ತೆ ಚಂಡಮಾರುತದ ಹೊಡೆತಕ್ಕೆ ಮುಂಬಯಿಯಾಚೆಯ ಕಡಲಿನಲ್ಲಿ ಕೆಲಸಗಾರರಿದ್ದ ಪಿ-305 ಎಂಬ ಬಾರ್ಜು ಮುಳುಗಿ ಅನೇಕರು ಪ್ರಾಣ ಕಳೆದುಕೊಂಡರು. ಹವಾಮಾನದ ಕಾರಣದಿಂದ ವಿಹಾರನೌಕೆಯ ಕಪ್ತಾನನು ಮಾರ್ಗ ಬದಲಿಸಿದರೆ, ಅಥವಾ ದ್ವೀಪದಲ್ಲಿ ಇಳಿಸದೆ ಮುಂದೆ ಸಾಗಿದರೆ, ಹಣ ಹೋಯಿತೆಂದು ಜಗಳವಾಡುವುದು ಸಲ್ಲದು. ಆತನ ಆ ನಿರ್ಧಾರ ನಮ್ಮ ಪ್ರಾಣದ ಕಾಳಜಿಯಿಂದಲೇ ಬಂದಿರುತ್ತದೆ.

ಹಣ ಕಟ್ಟುವ ಮುನ್ನ

ಜಾಹೀರಾತಿನಲ್ಲಿ ಕಾಣುವ ದರ ಪೂರ್ಣ ದರವಲ್ಲ. ಬಂದರು ಶುಲ್ಕ, ತೆರಿಗೆ, ಸಿಬ್ಬಂದಿಗೆ ಕೊಡುವ ಭಕ್ಷೀಸು ಇವೆಲ್ಲ ಪ್ರತ್ಯೇಕವಾಗಿರಬಹುದು. “ಎಲ್ಲವೂ ಸೇರಿ ಇಬ್ಬರಿಗೆ ಒಟ್ಟು ಎಷ್ಟು?” ಎಂದು ಕೇಳಿ, ಉತ್ತರವನ್ನು ಬರೆಹದಲ್ಲಿ ಪಡೆಯಬೇಕು. ಯಾನ ರದ್ದಾದರೆ ಹಣ ಮರಳಿ ಬರುವುದೋ, ಮುಂದಿನ ಯಾನಕ್ಕೆ ಜಮೆಯಾಗುವುದೋ ಎಂಬುದನ್ನೂ ಕೇಳಬೇಕು. ಮುಂಬಯಿಯಿಂದ 2019ರಲ್ಲಿ ವಿಹಾರಯಾನ ಆರಂಭಿಸಿದ ಜಲೇಶ್ ಎಂಬ ಸಂಸ್ಥೆ ಕೋವಿಡ್ ಕಾಲದಲ್ಲಿ, 2020ರಲ್ಲಿಯೇ ಮುಚ್ಚಿತು. ಇಂತಹ ವ್ಯವಹಾರದಲ್ಲಿ ಏರಿಳಿತ ಸಹಜವಾದುದರಿಂದ ರಸೀದಿಯಿಲ್ಲದೆ ಒಂದು ರೂಪಾಯಿಯನ್ನೂ ಕೊಡಬಾರದು.

ಕ್ಯಾಬಿನ್ ಎಂದು ಕರೆಯುವ ಕೋಣೆಗಳಲ್ಲಿ ಮೂರು ಬಗೆ: ಕಿಟಕಿಯಿಲ್ಲದ ಒಳಕೋಣೆ, ಕಿಟಕಿಯಿಂದ ಕಡಲು ಕಾಣುವ ಕೋಣೆ, ಹೊರಚಾಚಿದ ಬಾಲ್ಕನಿಯ ಕೋಣೆ. ದರ ಏರುತ್ತ ಹೋಗುತ್ತದೆ. ತಲೆಸುತ್ತು, ವಾಂತಿಯ ಅಂಜಿಕೆಯಿದ್ದವರು ಹಡಗಿನ ಉದ್ದಕ್ಕೆ ನಡುಮಧ್ಯದಲ್ಲಿರುವ, ಕೆಳಗಿನ ಅಂತಸ್ತಿನ ಕೋಣೆಯನ್ನು ಕೇಳಿ ಪಡೆಯಬೇಕು. ತೊಟ್ಟಿಲಿನ ನಡುವೆ ತೂಗಾಟ ಕಡಿಮೆ, ತುದಿಗಳಲ್ಲಿ ಹೆಚ್ಚು ಎಂಬುದು ತಾಯಂದಿರಿಗೆ ತಿಳಿದ ವಿಷಯ. ಹಡಗಿನ ನಿಯಮವೂ ಅದೇ. ಮೊಣಕಾಲು ನೋವಿದ್ದವರು ಲಿಫ್ಟಿಗೆ ಹತ್ತಿರದ ಕೋಣೆಯನ್ನು ಕೇಳುವುದು ಒಳ್ಳೆಯದು.

ಕಾಗದಪತ್ರಗಳು

ಭಾರತದೊಳಗಿನ ಯಾನಕ್ಕೆ ಭಾವಚಿತ್ರವಿರುವ ಸರಕಾರಿ ಗುರುತುಪತ್ರ ಸಾಕು. ಆದರೆ ಟಿಕೆಟಿನಲ್ಲಿರುವ ಹೆಸರು ಗುರುತುಪತ್ರದಲ್ಲಿರುವ ಹೆಸರಿಗೆ ಅಕ್ಷರಶಃ ಹೊಂದಬೇಕು. ನಮ್ಮ ಮನೆಗಳಲ್ಲಿ ತೊಡಕು ಬರುವುದು ಇಲ್ಲಿಯೇ. ಒಂದರಲ್ಲಿ ಅಡ್ಡಹೆಸರು ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಒಂದರಲ್ಲಿ ತಂದೆಯ ಹೆಸರು, ಇನ್ನೊಂದರಲ್ಲಿ ಗಂಡನ ಹೆಸರು. ‘ಶರಣಮ್ಮ’ ಇನ್ನೊಂದು ಕಡೆ ‘ಶರಣವ್ವ’ ಆಗಿರುತ್ತದೆ. ಮಕ್ಕಳು ಟಿಕೆಟ್ ತೆಗೆಯುವ ಮುನ್ನವೇ ಗುರುತುಪತ್ರದ ಪ್ರತಿಯನ್ನು ಅವರಿಗೆ ಕಳುಹಿಸಿಬಿಡಬೇಕು.

ಹೊರದೇಶಗಳ ಯಾನಕ್ಕೆ ಪಾಸ್‌ಪೋರ್ಟಿನ ಅವಧಿ ಹಿಂದಿರುಗುವ ದಿನದಿಂದ ಇನ್ನೂ ಆರು ತಿಂಗಳಿರುವಂತೆ ನೋಡಿಕೊಳ್ಳಬೇಕು. ಹಡಗು ಮುಟ್ಟುವ ಪ್ರತಿಯೊಂದು ದೇಶದ ವೀಸಾ ನಿಯಮವನ್ನೂ ಬೇರೆಬೇರೆಯಾಗಿ ವಿಚಾರಿಸಬೇಕು. ಮಕ್ಕಳ ಬಳಿ ಅಮೆರಿಕಕ್ಕೆ ಹೋದ ತಂದೆತಾಯಿಯರಿಗೆ ಸಿಯಾಟಲ್ ನಗರದಿಂದ ಅಲಾಸ್ಕಾಕ್ಕೆ ಹೋಗುವ ಯಾನ ಬಹಳ ಪ್ರಿಯವಾದುದು. ಸಿಯಾಟಲ್ಲೂ ಅಲಾಸ್ಕಾವೂ ಅಮೆರಿಕದಲ್ಲಿಯೇ ಇರುವುದರಿಂದ ಅಮೆರಿಕದ ವೀಸಾ ಒಂದೇ ಸಾಕೆಂದು ಅನೇಕರು ಭಾವಿಸುತ್ತಾರೆ. ಆದರೆ ಅಲ್ಲಿಯ 1886ರ ಒಂದು ಕಾನೂನಿನ ಪ್ರಕಾರ ಪರದೇಶದಲ್ಲಿ ನೋಂದಾಯಿತವಾದ ಹಡಗು ಅಮೆರಿಕದ ಬಂದರುಗಳ ನಡುವೆಯೇ ಪ್ರಯಾಣಿಕರನ್ನು ಸಾಗಿಸುವಂತಿಲ್ಲ. ನಡುವೆ ಹೊರದೇಶದ ಬಂದರೊಂದನ್ನು ಮುಟ್ಟಬೇಕು. ಬಹುತೇಕ ವಿಹಾರನೌಕೆಗಳು ಪರದೇಶದಲ್ಲಿ ನೋಂದಾಯಿತವಾದವು. ಆದುದರಿಂದ ಅವು ಕೆನಡಾದ ವಿಕ್ಟೋರಿಯಾದಂತಹ ಬಂದರಿಗೆ ಹೋಗುತ್ತವೆ. ಭಾರತದ ಪಾಸ್‌ಪೋರ್ಟ್ ಉಳ್ಳವರಿಗೆ ಕೆನಡಾದ ವೀಸಾ ಬೇರೆಯಾಗಿ ಬೇಕಾಗುತ್ತದೆ. ಅದು ಇಲ್ಲದೆ ಬಂದರಿಗೆ ಹೋದವರನ್ನು ಹಡಗು ಹತ್ತಿಸಿಕೊಳ್ಳುವುದಿಲ್ಲ. ಹಾಗೆಯೇ ಒಂದು ದೇಶದಿಂದ ಹೊರಟು ಇನ್ನೊಂದನ್ನು ಮುಟ್ಟಿ ಮತ್ತೆ ಮೊದಲಿನ ದೇಶಕ್ಕೆ ಮರಳುವ ಯಾನಕ್ಕೆ ಒಂದೇ ಸಲ ಪ್ರವೇಶ ನೀಡುವ ವೀಸಾ ಸಾಲದು. ಅನೇಕ ಸಲ ಪ್ರವೇಶ ನೀಡುವ ವೀಸಾ ಇರಬೇಕು.

ಆರೋಗ್ಯ ಮತ್ತು ವಿಮೆ

ಹಡಗಿನಲ್ಲಿ ವೈದ್ಯರೂ ಚಿಕ್ಕದೊಂದು ಚಿಕಿತ್ಸಾಲಯವೂ ಇರುತ್ತವೆ. ಜ್ವರ, ಗಾಯ, ವಾಂತಿಭೇದಿಗಳಿಗೆ ಅಷ್ಟು ಸಾಕು. ಹೃದಯದ ಶಸ್ತ್ರಚಿಕಿತ್ಸೆಗೆ ಸಾಲದು. ಅಲ್ಲಿಯ ಚಿಕಿತ್ಸೆಗೆ ಶುಲ್ಕವುಂಟು. ಪರಿಸ್ಥಿತಿ ಗಂಭೀರವಾದರೆ ರೋಗಿಯನ್ನು ಮುಂದಿನ ಬಂದರಿಗೆ, ಕೆಲವೊಮ್ಮೆ ಹೆಲಿಕಾಪ್ಟರಿನ ಮೂಲಕ ದಡಕ್ಕೆ ಸಾಗಿಸಬೇಕಾಗುತ್ತದೆ. ಊರಿನಲ್ಲಿ ಮಾಡಿಸಿದ ಆರೋಗ್ಯವಿಮೆ ಇಂತಹ ಖರ್ಚನ್ನು ಭರಿಸದಿರಬಹುದು. ಆದುದರಿಂದ ಪ್ರಯಾಣವಿಮೆಯನ್ನು ಪ್ರತ್ಯೇಕವಾಗಿ ಮಾಡಿಸಬೇಕು. ತುರ್ತುಸಾಗಾಟದ ವೆಚ್ಚ ಅದರಲ್ಲಿ ಸೇರಿದೆಯೇ ಎಂದು ಓದಿ ನೋಡಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹಿಂದೆ ಆದ ಹೃದಯಾಘಾತಗಳನ್ನು ಅರ್ಜಿಯಲ್ಲಿ ಮುಚ್ಚಿಡಬಾರದು. ಮುಚ್ಚಿಟ್ಟರೆ ಕಷ್ಟಕಾಲದಲ್ಲಿ ವಿಮೆಯ ಹಣ ಬಾರದು.

ಇತ್ತೀಚೆಗೆ ಹೃದಯದ ತೊಂದರೆಯಾದವರು, ಶಸ್ತ್ರಚಿಕಿತ್ಸೆಯಾದವರು, ಡಯಾಲಿಸಿಸ್ ಮೇಲಿರುವವರು ತಮ್ಮ ವೈದ್ಯರನ್ನು ಕಂಡು, ಅವರು ಒಪ್ಪಿದರೆ ಮಾತ್ರ ಹೊರಡಬೇಕು. ವೈದ್ಯರು ಬೇಡವೆಂದರೆ ಮಕ್ಕಳು ನೊಂದುಕೊಂಡಾರೆಂಬ ಸಂಕೋಚದಿಂದ ಹೋಗುವುದು ವಿವೇಕವಲ್ಲ. ಟಿಕೆಟಿನ ಹಣ ಮತ್ತೆ ದುಡಿಯಬಹುದು. ಗರ್ಭಿಣಿಯರನ್ನು 24 ವಾರಗಳ ನಂತರ ಬಹುತೇಕ ಸಂಸ್ಥೆಗಳು ಹಡಗಿಗೆ ಸೇರಿಸಿಕೊಳ್ಳುವುದಿಲ್ಲ.

ಔಷಧಗಳನ್ನು ಪ್ರಯಾಣದ ದಿನಗಳಿಗಿಂತ ಐದಾರು ದಿನ ಹೆಚ್ಚಾಗಿಯೇ ಒಯ್ಯಬೇಕು. ವೈದ್ಯರ ಚೀಟಿಯೂ ಜೊತೆಗಿರಲಿ. ಇವು ಯಾವಾಗಲೂ ಕೈಚೀಲದಲ್ಲಿಯೇ ಇರಬೇಕು. ಬಂದರಿನಲ್ಲಿ ದೊಡ್ಡ ಪೆಟ್ಟಿಗೆಗಳನ್ನು ಸಿಬ್ಬಂದಿ ತೆಗೆದುಕೊಳ್ಳುತ್ತಾರೆ. ಅವು ಕೋಣೆಯ ಬಾಗಿಲಿಗೆ ಬರಲು ಹಲವು ತಾಸುಗಳಾಗಬಹುದು. ಮಧ್ಯಾಹ್ನದ ಗುಳಿಗೆ ಪೆಟ್ಟಿಗೆಯಲ್ಲಿದ್ದರೆ ಮಾಡುವುದೇನು? ಇನ್ಸುಲಿನ್ ತೆಗೆದುಕೊಳ್ಳುವವರು, ಅದನ್ನು ತಂಪಾಗಿಡುವ ಏರ್ಪಾಡು ಹಡಗಿನಲ್ಲಿದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು. ಕೋಣೆಯಲ್ಲಿರುವ ಪುಟ್ಟ ಪೆಟ್ಟಿಗೆ ತಂಪಾಗಿ ಕಂಡರೂ ತೆರೆಯದ ಇನ್ಸುಲಿನ್‌ಗೆ ಬೇಕಾದ 2ರಿಂದ 8 ಡಿಗ್ರಿಯ ತಂಪನ್ನು ಅದು ಕೊಡುತ್ತದೆಂಬ ಭರವಸೆಯಿಲ್ಲ.

ಕಡಲ ತಲೆಸುತ್ತು ರೋಗವಲ್ಲ. ಕಣ್ಣು ಕಾಣುವುದಕ್ಕೂ ಕಿವಿಯೊಳಗಿನ ಸಮತೋಲದ ಅಂಗ ಅರಿಯುವುದಕ್ಕೂ ಹೊಂದಾಣಿಕೆಯಾಗದಿದ್ದಾಗ ಮೆದುಳಿನಲ್ಲಿ ಉಂಟಾಗುವ ಗೊಂದಲ ಅದು. ಕೋಣೆಯೊಳಗೆ ಮಲಗಿ ಪುಸ್ತಕವನ್ನೋ ಮೊಬೈಲನ್ನೋ ನೋಡುತ್ತಿದ್ದರೆ ಅದು ಹೆಚ್ಚುತ್ತದೆ. ತೆರೆದ ಗಾಳಿಗೆ ಬಂದು ದೂರದ ದಿಗಂತವನ್ನು ನೋಡುತ್ತ ನಿಂತರೆ ಕಡಿಮೆಯಾಗುತ್ತದೆ. ಹೊಟ್ಟೆ ತೀರ ಖಾಲಿಯೂ ಇರಬಾರದು, ತೀರ ತುಂಬಿಯೂ ಇರಬಾರದು. ಒಣಶುಂಠಿ ಹಲವರಿಗೆ ಉಪಯುಕ್ತ. ಗುಳಿಗೆ ತೆಗೆದುಕೊಳ್ಳುವುದಾದರೆ ತಲೆಸುತ್ತು ಶುರುವಾಗುವ ಮೊದಲೇ ತೆಗೆದುಕೊಳ್ಳಬೇಕು. ವಾಂತಿ ಆರಂಭವಾದ ಮೇಲೆ ಅದು ಹೊಟ್ಟೆಯಲ್ಲಿ ನಿಲ್ಲದು. ಈ ಗುಳಿಗೆಗಳಲ್ಲಿ ಹೆಚ್ಚಿನವು ನಿದ್ದೆ ತರುತ್ತವೆ. ಕಣ್ಣಿನ ಒಳಒತ್ತಡದ ತೊಂದರೆಯಿದ್ದವರು, ಪ್ರಾಸ್ಟೇಟ್ ಗ್ರಂಥಿಯ ತೊಂದರೆಯಿದ್ದ ಹಿರಿಯರು ವೈದ್ಯರನ್ನು ಕೇಳದೆ ಇವುಗಳನ್ನು ನುಂಗಬಾರದು.

ಊರಿನಿಂದ ಬಂದರಿಗೆ

ಹಡಗು ಯಾರಿಗಾಗಿಯೂ ಕಾಯುವುದಿಲ್ಲ. ಉದ್ಯಾನ್ ಎಕ್ಸ್‌ಪ್ರೆಸ್, ಹುಸೇನ್‌ಸಾಗರ್ ಎಕ್ಸ್‌ಪ್ರೆಸ್ ಮೊದಲಾದ ರೈಲುಗಳು ಕಲಬುರಗಿಯಿಂದ ನೇರವಾಗಿ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿಗೆ ತಲುಪಿಸುತ್ತವೆ. ಹಡಗುಕಟ್ಟೆಯಿರುವ ಬಲ್ಲಾರ್ಡ್ ಪಿಯರ್ ಅಲ್ಲಿಂದ ಟ್ಯಾಕ್ಸಿಯಲ್ಲಿ ಸ್ವಲ್ಪವೇ ದೂರ. 2025ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಹೊಸ ಅಂತಾರಾಷ್ಟ್ರೀಯ ವಿಹಾರನೌಕಾ ನಿಲ್ದಾಣ ಉದ್ಘಾಟನೆಯಾಗಿದೆ. ಆದುದರಿಂದ ಯಾವ ದ್ವಾರಕ್ಕೆ ಹೋಗಬೇಕೆಂಬುದನ್ನು ಟಿಕೆಟಿನಲ್ಲಿ ಓದಿಕೊಂಡೇ ಟ್ಯಾಕ್ಸಿ ಹತ್ತಬೇಕು. ದಾರಿ ಸುಲಭವೆಂದು ಅದೇ ದಿನ ಬೆಳಿಗ್ಗೆ ತಲುಪುವ ರೈಲನ್ನು ನೆಚ್ಚಿಕೊಳ್ಳುವುದು ಅಪಾಯ. ಮಳೆಯಲ್ಲಿ ಲೋಣಾವಳ, ಕರ್ಜತ್ ನಡುವಿನ ಘಾಟಿನಲ್ಲಿ ರೈಲುಗಳು ತಾಸುಗಟ್ಟಲೆ ನಿಲ್ಲುವುದುಂಟು. ಹಿಂದಿನ ದಿನವೇ ಮುಂಬಯಿ ತಲುಪಿ, ಒಂದು ರಾತ್ರಿ ತಂಗುವ ಖರ್ಚನ್ನು ಟಿಕೆಟಿನ ಒಂದು ಭಾಗವೆಂದೇ ಎಣಿಸಬೇಕು.

ಆ ಬಿಡುವಿನಲ್ಲಿ ಕೆಲವರು ಗೇಟ್‌ವೇ ಆಫ್ ಇಂಡಿಯಾದಿಂದ ಎಲಿಫೆಂಟಾ ಗುಹೆಗಳನ್ನು ನೋಡಲು ಸಣ್ಣ ದೋಣಿ ಹತ್ತುತ್ತಾರೆ. 2024ರ ಡಿಸೆಂಬರ್ 18ರಂದು ಇದೇ ದಾರಿಯಲ್ಲಿ ‘ನೀಲಕಮಲ್’ ಎಂಬ ದೋಣಿಗೆ ನೌಕಾಪಡೆಯ ವೇಗದ ದೋಣಿ ಅಪ್ಪಳಿಸಿ 15 ಮಂದಿ ಮೃತರಾದರು. ದೋಣಿ ಎಷ್ಟೇ ಚಿಕ್ಕದಿರಲಿ, ದಾರಿ ಎಷ್ಟೇ ಹತ್ತಿರವಿರಲಿ, ಲೈಫ್ ಜಾಕೆಟನ್ನು ಕಟ್ಟಿಕೊಂಡೇ ಕುಳಿತುಕೊಳ್ಳಬೇಕು. ಅದನ್ನು ಮಡಿಲಿನಲ್ಲಿಟ್ಟುಕೊಂಡರೆ ಪ್ರಯೋಜನವಿಲ್ಲ.

ಪೆಟ್ಟಿಗೆಯಲ್ಲಿ ಏನಿರಬೇಕು, ಏನಿರಬಾರದು

ಹಡಗಿನ ಒಳಗೆಲ್ಲ ಏರ್‌ಕಂಡೀಷನ್ ಇರುವುದರಿಂದ ಒಂದು ಶಾಲು, ಕಾಲುಚೀಲ ಬೇಕು. ಒದ್ದೆ ನೆಲದ ಮೇಲೆ ಜಾರದ ಚಪ್ಪಲಿ ಅವಶ್ಯಕ. ತೆರೆದ ಡೆಕ್ಕಿನಲ್ಲಿ ಗಾಳಿ ಬಲವಾಗಿರುವುದರಿಂದ ತಾಯಂದಿರು ಸೀರೆಯ ಸೆರಗಿಗೆ ಪಿನ್ನು ಹಾಕಿಕೊಳ್ಳಬೇಕು. ಮೆಟ್ಟಿಲು ಇಳಿಯುವಾಗ ನಿರಿಗೆ ಕಾಲಿಗೆ ಸಿಗದಂತೆ ತುಸು ಎತ್ತಿ ಉಡುವುದು ಒಳಿತು. ಬಂಗಾರದ ಒಡವೆಗಳಿಗೆ ಮನೆಯೇ ಲೇಸು.

ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್, ಚಾಕು, ಊದುಬತ್ತಿ, ಮೇಣದಬತ್ತಿಗಳನ್ನು ತಪಾಸಣೆಯಲ್ಲಿಯೇ ತೆಗೆದಿಡುತ್ತಾರೆ. ಕಡಲಿನ ನಡುವೆ ಹಡಗಿಗೆ ಬೆಂಕಿಗಿಂತ ದೊಡ್ಡ ಶತ್ರುವಿಲ್ಲ. ಮನೆಯ ಅಡುಗೆಯನ್ನು ಹಡಗಿನೊಳಗೆ ಸಾಮಾನ್ಯವಾಗಿ ಬಿಡುವುದಿಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಕಮಲಾಪುರದ ಕೆಂಬಾಳೆಗಳನ್ನು ರೈಲಿನಲ್ಲಿಯೇ ಮುಗಿಸಿಬಿಡಬೇಕು. ಹೊರದೇಶದ ಬಂದರಿನಲ್ಲಿ ಇಳಿಯುವಾಗ ಹಡಗಿನಿಂದ ಹಣ್ಣು ಒಯ್ಯುವುದು ಅನೇಕ ಕಡೆ ದಂಡಕ್ಕೆ ಕಾರಣವಾಗುವ ಅಪರಾಧ.

ನಿತ್ಯಪೂಜೆ

ಇಷ್ಟಲಿಂಗ ಪೂಜೆಗೆ ಹಡಗಿನಲ್ಲಿ ಅಡ್ಡಿಯಿಲ್ಲ. ಕೋಣೆಯಲ್ಲಿ ಬೇಕಾದಷ್ಟು ಏಕಾಂತವಿದೆ. ಆದರೆ ದೀಪ, ಧೂಪ, ಕರ್ಪೂರಗಳನ್ನು ಹಚ್ಚುವಂತಿಲ್ಲ. ಛಾವಣಿಯಲ್ಲಿ ಹೊಗೆಯನ್ನು ಅರಿಯುವ ಯಂತ್ರವಿರುತ್ತದೆ. ಕಿಂಚಿತ್ತು ಹೊಗೆಗೂ ಎಚ್ಚರಿಕೆಯ ಗಂಟೆ ಮೊಳಗುತ್ತದೆ. ವಿಭೂತಿ, ನೀರು, ಸಿಕ್ಕರೆ ಒಂದೆರಡು ಪತ್ರೆ ಇಷ್ಟರಿಂದಲೇ ಪೂಜೆ ಸಾಂಗವಾಗುತ್ತದೆ. ತಪಾಸಣೆಯ ಚೌಕಟ್ಟಿನಲ್ಲಿ ಬೆಳ್ಳಿಯ ಕರಡಿಗೆಯಿಂದ ಸದ್ದಾದರೆ ಗಾಬರಿಯಾಗಬಾರದು. ಇದು ನಾವು ಧರಿಸುವ ಇಷ್ಟಲಿಂಗವೆಂದು ಸಮಾಧಾನದಿಂದ ಹೇಳಿ, ಮರೆಯಲ್ಲಿ ತಪಾಸಣೆ ಮಾಡುವಂತೆ ಕೇಳಿಕೊಳ್ಳಬಹುದು.

ಊಟ

ಭಾರತದ ಹಡಗಿನಲ್ಲಿ ಶಾಕಾಹಾರಕ್ಕೆ ಕೊರತೆಯಿಲ್ಲ. ಹೊರದೇಶದ ಹಡಗುಗಳಲ್ಲಿ ‘ವೆಜಿಟೇರಿಯನ್’ ಎಂಬ ಮಾತಿಗೆ ಮೊಟ್ಟೆಯೂ ಸೇರುತ್ತದೆ. ಕೇಕಿನಲ್ಲಿ ಮೊಟ್ಟೆ, ಕೆಲವು ಸಿಹಿತಿನಿಸುಗಳಲ್ಲಿ ಪ್ರಾಣಿಜನ್ಯವಾದ ಜೆಲಟಿನ್, ಸೂಪಿನಲ್ಲಿ ಮಾಂಸದ ಸಾರು, ಥಾಯ್ ಅಡುಗೆಯಲ್ಲಿ ಮೀನಿನ ರಸ ಇರುವುದು ಕಣ್ಣಿಗೆ ಕಾಣದು. ಟಿಕೆಟ್ ಕೊಳ್ಳುವಾಗಲೇ ‘ಭಾರತೀಯ ಶಾಕಾಹಾರ, ಮೊಟ್ಟೆಯೂ ಬೇಡ’ ಎಂದು ಬರೆಯಿಸಬೇಕು. ಹತ್ತಿದ ಮೊದಲ ದಿನ ಊಟದ ಮನೆಯ ಮುಖ್ಯಸ್ಥರನ್ನು ಕಂಡು ಮತ್ತೊಮ್ಮೆ ಹೇಳಬೇಕು. ಹೀಗೆ ಹೇಳಿದವರಿಗೆ ಮರುದಿನದಿಂದ ಬೇರೆಯಾಗಿಯೇ ಅಡುಗೆ ಮಾಡಿಕೊಡುವ ಹಡಗುಗಳಿವೆ.

ಬಡಿಸಿಕೊಂಡು ತಿನ್ನುವ ಪದ್ಧತಿಯಲ್ಲಿ ಆಸೆಯಿಂದ ತಟ್ಟೆ ತುಂಬಿಸಿ ಅರ್ಧ ಬಿಡುವುದನ್ನು ನೋಡುತ್ತೇವೆ. ಅನ್ನವನ್ನು ಪ್ರಸಾದವೆಂದು ಸ್ವೀಕರಿಸುವ ಮನೆತನದವರು ಅಲ್ಲಿಯೂ ಆ ನಡೆಯನ್ನು ಬಿಡಬಾರದು. ಊಟಕ್ಕೆ ಮುನ್ನ ಸೋಪಿನಿಂದ ಇಪ್ಪತ್ತು ಸೆಕೆಂಡು ಕೈ ತೊಳೆಯಬೇಕು. ಹಡಗುಗಳಲ್ಲಿ ಹರಡುವ ನೊರೊವೈರಸ್ ಎಂಬ ವಾಂತಿಭೇದಿಯ ಸೋಂಕಿಗೆ ಬಾಗಿಲಲ್ಲಿ ಕೊಡುವ ಮದ್ಯಸಾರದ ದ್ರವ ಸಾಲದು. ಸೋಪು, ನೀರೇ ಬೇಕು.

ಸುರಕ್ಷತೆಯ ತಾಲೀಮು

ಹಡಗು ಹತ್ತಿದೊಡನೆ ತಪ್ಪದೆ ಮಾಡಬೇಕಾದ ಕೆಲಸ ಒಂದಿದೆ. ಪ್ರತಿ ಪ್ರಯಾಣಿಕನಿಗೂ ಅಪಾಯಕಾಲದಲ್ಲಿ ಸೇರಬೇಕಾದ ಜಾಗವೊಂದನ್ನು ಗೊತ್ತುಮಾಡಿರುತ್ತಾರೆ. ಅದಕ್ಕೆ ಮಸ್ಟರ್ ಸ್ಟೇಷನ್ ಎಂದು ಹೆಸರು. ಅದರ ಅಂಕಿ ಕೋಣೆಯ ಕಾರ್ಡಿನ ಮೇಲೋ ಬಾಗಿಲಿನ ಹಿಂದೆಯೋ ಇರುತ್ತದೆ. ಅಲ್ಲಿಗೆ ಹೋಗುವ ತಾಲೀಮನ್ನು ಅನೇಕರು ಬೇಸರದಿಂದ ತಪ್ಪಿಸಿಕೊಳ್ಳುತ್ತಾರೆ. ಇದರ ಹಿಂದಿರುವ ಇತಿಹಾಸ ತಿಳಿದರೆ ಯಾರೂ ತಪ್ಪಿಸಿಕೊಳ್ಳಲಾರರು.

1912ರ ಏಪ್ರಿಲಿನಲ್ಲಿ ಟೈಟಾನಿಕ್ ಮುಳುಗಿದಾಗ ಎಲ್ಲರಿಗೂ ಸಾಲುವಷ್ಟು ರಕ್ಷಣಾದೋಣಿಗಳಿರಲಿಲ್ಲ. ಆ ದುರಂತದಿಂದಲೇ 1914ರಲ್ಲಿ ಕಡಲಿನಲ್ಲಿ ಜೀವರಕ್ಷಣೆಯ ಅಂತಾರಾಷ್ಟ್ರೀಯ ಒಪ್ಪಂದ ರೂಪುಗೊಂಡಿತು. ನೂರು ವರ್ಷಗಳ ನಂತರ, 2012ರ ಜನವರಿ 13ರ ರಾತ್ರಿ, ಇಟಲಿಯ ಕರಾವಳಿಯಲ್ಲಿ ಕೋಸ್ಟಾ ಕಾಂಕಾರ್ಡಿಯಾ ಎಂಬ ವಿಹಾರನೌಕೆ ಬಂಡೆಗೆ ಬಡಿದು ವಾಲಿತು. ಹಡಗಿನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನರಿದ್ದರು. 32 ಮಂದಿ ಪ್ರಾಣ ಕಳೆದುಕೊಂಡರು. ಅಂದು ಸಂಜೆ ಹತ್ತಿದ ನೂರಾರು ಪ್ರಯಾಣಿಕರಿಗೆ ತಾಲೀಮು ಇನ್ನೂ ಆಗಿರಲಿಲ್ಲ. 24 ತಾಸುಗಳೊಳಗೆ ಮಾಡಿದರೆ ಸಾಕೆಂಬ ನಿಯಮ ಆಗಿನದು. ಅದು ಬದಲಾಗಿ, 2015ರ ಜನವರಿ 1ರಿಂದ ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ತಾಲೀಮು ಕಡ್ಡಾಯವಾಯಿತು.

ಏಳು ಚಿಕ್ಕ ಕೂಗು, ಅದರ ನಂತರ ಒಂದು ದೀರ್ಘ ಕೂಗು: ಇದು ಅಪಾಯದ ಸಂಕೇತ. ಇದನ್ನು ಕೇಳಿದೊಡನೆ ಪೆಟ್ಟಿಗೆ, ಒಡವೆ, ಮೊಬೈಲುಗಳ ಚಿಂತೆ ಬಿಟ್ಟು, ಬೆಚ್ಚನೆಯ ಬಟ್ಟೆ, ನಿತ್ಯದ ಔಷಧ, ಲೈಫ್ ಜಾಕೆಟುಗಳೊಡನೆ ಗೊತ್ತಾದ ಜಾಗಕ್ಕೆ ಮೆಟ್ಟಿಲಿನ ಮೂಲಕವೇ ಹೋಗಬೇಕು, ಲಿಫ್ಟನ್ನು ಬಳಸಬಾರದು. ಹತ್ತಿದ ದಿನವೇ ಕೋಣೆಯಿಂದ ಆ ಜಾಗಕ್ಕೆ ದಂಪತಿಗಳು ಒಮ್ಮೆ ನಡೆದು ನೋಡಿದರೆ ಹತ್ತು ನಿಮಿಷವೂ ಹಿಡಿಯದು. ಮೆಟ್ಟಿಲು ಹತ್ತಲಾರದವರು ಆಗಲೇ ಸಿಬ್ಬಂದಿಗೆ ತಿಳಿಸಿ ಹೆಸರು ಬರೆಯಿಸಿದರೆ ಅಪಾಯಕಾಲದಲ್ಲಿ ಅವರ ನೆರವಿಗೆ ಜನ ಬರುತ್ತಾರೆ.

ಮಕ್ಕಳೊಡನೆ ಹೋದವರು ಬಾಲ್ಕನಿಯ ಕಟಾಂಜನದ ಬಳಿ ಕುರ್ಚಿ ಇಡಬಾರದು. ಈಜುಕೊಳದ ಬಳಿ ಕಾವಲುಗಾರರು ಇಲ್ಲದಿರಬಹುದು. ಮಕ್ಕಳನ್ನು ಒಂಟಿಯಾಗಿ ಬಿಡಬಾರದು.

ದಡಕ್ಕೆ ಇಳಿದಾಗ

ಬಂದರಿನಲ್ಲಿ ಇಳಿಯುವಾಗ ಕೋಣೆಯ ಕಾರ್ಡು, ಗುರುತುಪತ್ರದ ಪ್ರತಿ, ಹಡಗಿನ ಸ್ಥಳೀಯ ಪ್ರತಿನಿಧಿಯ ದೂರವಾಣಿ ಸಂಖ್ಯೆ ಜೊತೆಗಿರಲಿ. ಹಿಂದಿರುಗುವ ಸಮಯವನ್ನು ಹಡಗಿನ ಗಡಿಯಾರದ ಪ್ರಕಾರ ಲೆಕ್ಕಹಾಕಬೇಕು. ಹೊರದೇಶದಲ್ಲಿ ಮೊಬೈಲು ತಾನಾಗಿ ಸಮಯ ಬದಲಿಸಿಕೊಂಡು ಮೋಸಗೊಳಿಸಬಹುದು. ಕೊಟ್ಟ ವೇಳೆಗಿಂತ ಒಂದು ತಾಸು ಮೊದಲೇ ಮರಳುವುದು ಒಳಿತು. ಹಡಗಿನವರೇ ಏರ್ಪಡಿಸಿದ ಪ್ರವಾಸ ತಡವಾದರೆ ಹಡಗು ಕಾಯುತ್ತದೆ. ನಾವೇ ಮಾಡಿಕೊಂಡ ಟ್ಯಾಕ್ಸಿ ತಡವಾದರೆ ಕಾಯುವುದಿಲ್ಲ.

ಲಕ್ಷದ್ವೀಪದಂತಹ ಸ್ಥಳಗಳಲ್ಲಿ ಹಡಗು ದೂರದಲ್ಲಿಯೇ ಲಂಗರು ಹಾಕಿ, ಪ್ರಯಾಣಿಕರನ್ನು ಸಣ್ಣ ದೋಣಿಗೆ ಇಳಿಸುತ್ತದೆ. ದೋಣಿ ಏರಿಳಿಯುತ್ತಿರುವಾಗ ಅದರೊಳಗೆ ಕಾಲಿಡುವುದು ಮೊಣಕಾಲು ನೋವಿದ್ದವರಿಗೆ ಕಷ್ಟ. ಸಂದೇಹವಿದ್ದರೆ ಹಡಗಿನಲ್ಲಿಯೇ ಉಳಿದು ಕಡಲನ್ನು ನೋಡುತ್ತ ಕೂಡುವುದರಲ್ಲಿ ಅವಮಾನವೇನಿಲ್ಲ.

ಖರ್ಚು ಮತ್ತು ಸಂಪರ್ಕ

ಹಡಗಿನಲ್ಲಿ ಕೋಣೆಯ ಕಾರ್ಡೇ ಕೀಲಿಕೈ, ಅದೇ ಹಣದ ಚೀಲ. ನೋಟು ಎಣಿಸಿ ಕೊಡದೆ ಇರುವುದರಿಂದ ಖರ್ಚಾದುದು ತಿಳಿಯುವುದಿಲ್ಲ. ಪಾನಗೃಹ, ಜೂಜಿನ ಕೋಣೆ, ಅಂಗಡಿಗಳು ಹಡಗಿನ ಆದಾಯದ ಮೂಲಗಳು. ಬೆವರು ಸುರಿಸಿ ಗಳಿಸಿದ ಹಣವನ್ನು ಜೂಜಿನ ಮೇಜಿನ ಮೇಲೆ ಸುರಿಯಬೇಕಾಗಿಲ್ಲ. ದಿನಕ್ಕೊಮ್ಮೆ ಲೆಕ್ಕ ಕೇಳಿ, ಕೊನೆಯ ರಾತ್ರಿ ಬಿಲ್ಲನ್ನು ಸಾಲುಸಾಲಾಗಿ ನೋಡಬೇಕು. ತಪ್ಪಿದ್ದರೆ ಇಳಿಯುವ ಮುನ್ನವೇ ಸರಿಪಡಿಸಿಕೊಳ್ಳಬೇಕು.

ದಡ ದೂರವಾದ ಮೇಲೆ ಮೊಬೈಲು ಉಪಗ್ರಹದ ಜಾಲಕ್ಕೆ ತಾನಾಗಿ ಸೇರಿಕೊಂಡರೆ ಭಾರಿ ಬಿಲ್ಲು ಬರುತ್ತದೆ. ಹಡಗು ಹೊರಟ ಕೂಡಲೇ ಮೊಬೈಲನ್ನು ಫ್ಲೈಟ್ ಮೋಡಿಗೆ ಹಾಕಬೇಕು. ಎರಡು ದಿನ ಫೋನು ಬಾರದಿದ್ದರೆ ಗಾಬರಿಯಾಗಬಾರದೆಂದು ಮನೆಯವರಿಗೆ ಮೊದಲೇ ತಿಳಿಸಿ, ಹಡಗಿನ ಹೆಸರು, ಕೋಣೆಯ ಅಂಕಿ, ಬಂದರು ಮುಟ್ಟುವ ದಿನಗಳು, ಸಂಸ್ಥೆಯ ತುರ್ತು ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆದು ದೇವರಮನೆಯ ಬಾಗಿಲಿಗೋ ಕ್ಯಾಲೆಂಡರಿಗೋ ಅಂಟಿಸಿ ಹೊರಡಬೇಕು. ಭಾರತದ ಕಡಲಿನಲ್ಲಿ ಜೀವರಕ್ಷಣೆಗಾಗಿ ಕರಾವಳಿ ಕಾವಲುಪಡೆಯ ಸಂಖ್ಯೆ 1554. ಇದನ್ನೂ ಆ ಹಾಳೆಯಲ್ಲಿ ಬರೆದಿಡಬೇಕು.

ಕತ್ತರಿಸಿ ಇಟ್ಟುಕೊಳ್ಳಲು

1. ಟಿಕೆಟಿನ ಹೆಸರು ಗುರುತುಪತ್ರಕ್ಕೆ ಹೊಂದಿದೆಯೇ?
2. ಹಡಗು ಮುಟ್ಟುವ ಪ್ರತಿ ದೇಶದ ವೀಸಾ ವಿಚಾರಿಸಿದ್ದೀರಾ?
3. ತುರ್ತುಸಾಗಾಟ ಸೇರಿದ ಪ್ರಯಾಣವಿಮೆ ಇದೆಯೇ?
4. ಔಷಧ, ವೈದ್ಯರ ಚೀಟಿ, ಒಂದು ಜೊತೆ ಬಟ್ಟೆ ಕೈಚೀಲದಲ್ಲಿವೆಯೇ?
5. ಹಿಂದಿನ ದಿನವೇ ಬಂದರಿನ ಊರು ತಲುಪುವಿರಾ?
6. ಮೊಟ್ಟೆಯಿಲ್ಲದ ಶಾಕಾಹಾರವೆಂದು ಬರೆಯಿಸಿದ್ದೀರಾ?
7. ಮನೆಯಲ್ಲಿ ವಿವರದ ಹಾಳೆ ಅಂಟಿಸಿದ್ದೀರಾ?
8. ಹತ್ತಿದ ದಿನ ಅಪಾಯಕಾಲದ ಜಾಗಕ್ಕೆ ನಡೆದು ನೋಡಿದಿರಾ?

ಇಷ್ಟು ಸಿದ್ಧತೆಯಾದ ಮೇಲೆ ಅಂಜಿಕೆಗೆ ಎಡೆಯಿಲ್ಲ. ಮಕ್ಕಳು ಪ್ರೀತಿಯಿಂದ ಕೊಟ್ಟುದನ್ನು ಸಂಕೋಚವಿಲ್ಲದೆ ಸ್ವೀಕರಿಸಿ, ಡೆಕ್ಕಿನ ಮೇಲೆ ದಂಪತಿಗಳು ಜೊತೆಯಾಗಿ ನಿಂತು ಸೂರ್ಯಾಸ್ತವನ್ನು ನೋಡಬಹುದು. ಸಂಸಾರದ ಕೆಲಸದಲ್ಲಿ ನಾಲ್ಕು ದಶಕ ಒಟ್ಟಿಗೆ ಕೂಡಲು ಬಿಡುವಾಗದಿದ್ದ ಎಷ್ಟೋ ಹಿರಿಯರಿಗೆ ಆ ಒಂದು ಸಂಜೆ ಟಿಕೆಟಿನ ಬೆಲೆಗಿಂತ ದೊಡ್ಡದು. ಸುಖವಾಗಿ ಹೋಗಿ, ಸುಖವಾಗಿ ಬನ್ನಿ.